ಹಾಸನದ ತಾರಸಿಯಿಂದ ಚಂಚಲ ತಾರೆಗಳ ಕಾಂತಿ, ನೀಹಾರಿಕೆಗಳ ರೋಹಿತ: ಅಳೆಯುವ ಬಗೆಯ ಸಮಗ್ರ ಮಾರ್ಗದರ್ಶಿ

ಮದುವೆಯ ದಿನ ವಧೂವರರಿಗೆ ಧ್ರುವ ನಕ್ಷತ್ರವನ್ನು ತೋರಿಸುವುದು ಅದು ಅಚಲ ಎಂಬ ನಂಬಿಕೆಯಿಂದ. ಅದರ ಸ್ಥಾನ ಹೆಚ್ಚುಕಡಿಮೆ ಅಚಲವೇ ಹೌದು, ಬೆಳಕು ಮಾತ್ರ ಅಲ್ಲ. ಸುಮಾರು 4 ದಿನಗಳಿಗೊಮ್ಮೆ ಉಬ್ಬಿ ಕುಗ್ಗುತ್ತ, ಬರಿಗಣ್ಣಿಗೆ ತಿಳಿಯದಷ್ಟು ಅಲ್ಪ ಪ್ರಮಾಣದಲ್ಲಿ ಕಾಂತಿ ಬದಲಿಸುವ ಸೆಫೀಡ್ ವರ್ಗದ ತಾರೆ ಅದು. ಹೀಗೆ ಬೆಳಕು ಬದಲಿಸುವ ನಕ್ಷತ್ರಗಳನ್ನು ಚಂಚಲ ತಾರೆಗಳು ಎನ್ನುತ್ತಾರೆ. ಅವುಗಳ ಏರಿಳಿತವನ್ನು ಅಂಕಿಗಳಲ್ಲಿ ಹಿಡಿಯುವುದು, ಅವುಗಳ ಬೆಳಕನ್ನು ಬಣ್ಣಬಣ್ಣವಾಗಿ ಹರಡಿ ರೋಹಿತವನ್ನು ಓದುವುದು, ಅದೇ ವಿಧಾನವನ್ನು ಆಕಾಶದ ಅನಿಲ, ಧೂಳಿನ ಮೋಡಗಳಾದ ಕೆಲವು ನೀಹಾರಿಕೆಗಳಿಗೂ ಅನ್ವಯಿಸುವುದು, ಈ ಮೂರು ಕೆಲಸಗಳನ್ನು ಹಾಸನ ಅಥವಾ ಚಿಕ್ಕಮಗಳೂರಿನ ಸಾಮಾನ್ಯ ಮನೆಯೊಂದರ ತಾರಸಿಯಿಂದ ಹೇಗೆ ಮಾಡಬಹುದೆಂದು ಇಲ್ಲಿ ವಿವರಿಸಿದ್ದೇನೆ.

ಬೇಕಾದ ಸಾಮಗ್ರಿ ಹೆಚ್ಚಿಲ್ಲ. ಮೊದಲ ಹಂತಕ್ಕೆ ಕಣ್ಣು, ನೋಟ್‌ಬುಕ್ಕು ಮತ್ತು ಸರಿಯಾದ ಗಡಿಯಾರ ಸಾಕು. ಎರಡನೆಯ ಹಂತಕ್ಕೆ ಹಳೆಯದಾದರೂ ಸರಿ, ರಾ ಕಡತ (ಕ್ಯಾಮೆರಾ ಸಂಸ್ಕರಿಸದ ಮೂಲ ಚಿತ್ರ) ಉಳಿಸುವ ಡಿಎಸ್‌ಎಲ್‌ಆರ್ ಕ್ಯಾಮೆರಾ, 85 ಮಿ.ಮೀ. ಲೆನ್ಸು ಮತ್ತು ಅಲುಗಾಡದ ಟ್ರೈಪಾಡ್ ಬೇಕು. ಮೂರನೆಯದಕ್ಕೆ ಮಿಲಿಮೀಟರಿಗೆ 100 ಗೀರುಗಳುಳ್ಳ, ಬೆಳಕನ್ನು ಬಣ್ಣಗಳಾಗಿ ಹರಡುವ ಗ್ರೇಟಿಂಗ್ ಬೇಕು. ಸ್ಟಾರ್ ಅನಲೈಸರ್ 100 ಎಂಬುದು ಈ ಬಗೆಯದು. ದೂರದರ್ಶಕ ಕೊನೆಗೆ, ಅದೂ ನೀಹಾರಿಕೆಗಳ ಸರದಿ ಬಂದಾಗ. ದೂರದರ್ಶಕವನ್ನೇ ಮೊದಲು ಕೊಂಡು ಆರು ತಿಂಗಳಲ್ಲಿ ಅದನ್ನು ಅಟ್ಟಕ್ಕೆ ಹಾಕಿದವರನ್ನು ನಾನು ಸಾಕಷ್ಟು ಕಂಡಿದ್ದೇನೆ.

ಜಾಗ ಮತ್ತು ಕಾಲ

ಹಾಸನ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಚಿಕ್ಕಮಗಳೂರು ಅದಕ್ಕಿಂತ ತುಸು ಉತ್ತರಕ್ಕೆ. ಹಳೆಯ ಮದರಾಸು ವೀಕ್ಷಣಾಲಯವಿದ್ದದ್ದೂ ಇದೇ ಅಕ್ಷಾಂಶದಲ್ಲಿ. ತಾರೆಯ ಬೆಳಕನ್ನು ಸೂಚಿಸುವ ಅಂಕಿಗೆ ಕಾಂತಿಮಾನ ಎನ್ನುತ್ತಾರೆ. ಒಂದು ಕಾಂತಿಮಾನದ ವ್ಯತ್ಯಾಸವೆಂದರೆ ಬೆಳಕಿನಲ್ಲಿ 2.512 ಪಟ್ಟು ಎಂಬ ಅಳತೆಯನ್ನು 1856ರಲ್ಲಿ ಸೂಚಿಸಿದ ನಾರ್ಮನ್ ಪಾಗ್‌ಸನ್ ಮುಂದೆ ಆ ವೀಕ್ಷಣಾಲಯದ ಮುಖ್ಯಸ್ಥರಾದರು. ಅವರ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರಿ 1867ರಲ್ಲಿ ಆರ್ ರೆಟಿಕ್ಯುಲಿ ಎಂಬ ಚಂಚಲ ತಾರೆಯನ್ನು ಪತ್ತೆಹಚ್ಚಿದರು. ಆ ತಾರೆ ಆಕಾಶದ ವಿಷುವದ್ವೃತ್ತದಿಂದ 63 ಡಿಗ್ರಿ ದಕ್ಷಿಣಕ್ಕಿದೆ, ಎಂದರೆ ಮದರಾಸಿನಿಂದಾಗಲಿ ಹಾಸನದಿಂದಾಗಲಿ ಅದು ಅತಿ ಮೇಲೇರಿದಾಗಲೂ ದಿಗಂತದಿಂದ 14 ಡಿಗ್ರಿಯಷ್ಟೇ ಎತ್ತರದಲ್ಲಿರುತ್ತದೆ. ಯೂರೋಪಿನ ಹವ್ಯಾಸಿಗಳಿಗೆ ಎಂದಿಗೂ ಮೂಡದ ಇಂಥ ದಕ್ಷಿಣದ ತಾರೆಗಳು ನಮ್ಮ ಪಾಲಿಗಿವೆ. ಆದ್ದರಿಂದ ವೀಕ್ಷಣೆಯ ಜಾಗವನ್ನು ಆರಿಸುವಾಗ ದಕ್ಷಿಣ ದಿಗಂತ ತೆರೆದಿದೆಯೇ ಎಂಬುದನ್ನು ಮೊದಲು ನೋಡಿರಿ. ಉತ್ತರ ಮುಚ್ಚಿದ್ದರೆ ನಷ್ಟ ಕಡಿಮೆ.

ಮುಳ್ಳಯ್ಯನಗಿರಿಯ ತುದಿಗೆ ಹೋದರೆ ಆಕಾಶ ಇನ್ನೂ ಚೆನ್ನಾಗಿರುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಚೆನ್ನಾಗಿರುತ್ತದೆ. ಆದರೆ ವರ್ಷಕ್ಕೊಮ್ಮೆ ಬೆಟ್ಟ ಹತ್ತಿ ತೆಗೆದ ಒಂದು ಸುಂದರ ಚಿತ್ರಕ್ಕಿಂತ, ಊರ ದೀಪಗಳ ನಡುವೆಯೇ ಒಂದೇ ಜಾಗದಿಂದ, ಒಂದೇ ಉಪಕರಣದಿಂದ ನಲವತ್ತು ರಾತ್ರಿ ಬರೆದಿಟ್ಟ ನಲವತ್ತು ಅಂಕಿಗಳು ಈ ಕೆಲಸದಲ್ಲಿ ಹೆಚ್ಚು ಬೆಲೆಯುಳ್ಳವು. ಪ್ರಕಾಶಮಾನ ತಾರೆಗಳ ಕಾಂತಿ ಅಳೆಯಲು ಕಗ್ಗತ್ತಲೆಯೇನೂ ಬೇಕಿಲ್ಲ. ಸಕಲೇಶಪುರ, ಆಲೂರು, ಮೂಡಿಗೆರೆಯ ಕಡೆ ತೋಟದಲ್ಲಿ ಮನೆಯಿರುವವರು ಕಾಫಿ ಕಣದಲ್ಲಿ ಟ್ರೈಪಾಡ್ ಇಡುವುದುಂಟು. ಜಾಗ ಬಯಲಾಗಿರುತ್ತದೆ, ನಿಜ. ಆದರೆ ಹಗಲು ಕಾದ ಸಿಮೆಂಟು ರಾತ್ರಿ ಹತ್ತರವರೆಗೂ ಬಿಸಿ ಬಿಡುವುದರಿಂದ ಲೆನ್ಸಿನ ಮುಂದೆ ಗಾಳಿ ಕದಡುತ್ತದೆ, ಅಲ್ಲದೆ ಆನೆಯ ಸುದ್ದಿ ಇರುವ ದಿನ ಕತ್ತಲಲ್ಲಿ ಕಣ್ಣು ಮೇಲೆ ಮಾಡಿ ನಿಲ್ಲುವುದು ಯಾವ ಲೆಕ್ಕದಲ್ಲೂ ಜಾಣತನವಲ್ಲ. ತಾರಸಿಯೇ ಮೇಲು.

ದೀಪಾವಳಿಯ ಪಟಾಕಿ ಹೊಗೆ ಇಳಿದ ಮೇಲಿನಿಂದ ಮಾರ್ಚಿಯಲ್ಲಿ ಹೂಮಳೆ ಬರುವ ತನಕ ನಮಗೆ ಸುಗ್ಗಿ. ಮಲೆನಾಡಿನ ಅಂಚಿನಲ್ಲಿ ಮಂಜು ಕವಿಯುವ ರಾತ್ರಿಗಳಲ್ಲೂ ಅರಸೀಕೆರೆ, ಕಡೂರಿನಂಥ ಬಯಲುಸೀಮೆಯ ಕಡೆ ಆಕಾಶ ತಿಳಿಯಾಗಿರುವುದುಂಟು.

ಮೊದಲ ಹೆಜ್ಜೆ: ಬರಿಗಣ್ಣಿನ ಅಂದಾಜು

ಆರಂಭಕ್ಕೆ ಅಲ್ಗಾಲ್‌ಗಿಂತ ಒಳ್ಳೆಯ ತಾರೆಯಿಲ್ಲ. ಪಾರ್ಥ ಎಂದು ನಾವು ಕರೆಯುವ ಪರ್ಸಿಯಸ್ ಪುಂಜದಲ್ಲಿರುವ ಇದು, ಮಾಮೂಲಿ ಸ್ಥಿತಿಯಲ್ಲಿ 2.1 ಕಾಂತಿಮಾನದಲ್ಲಿದ್ದು, 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ 3.4ಕ್ಕೆ ಇಳಿಯುತ್ತದೆ. ಅಂಕಿ ಹೆಚ್ಚಿದಂತೆ ಬೆಳಕು ಕಡಿಮೆ ಎಂಬುದು ಈ ಅಳತೆಯ ವಿಚಿತ್ರ. ಎರಡು ವಾರದಲ್ಲಿ ರೂಢಿಯಾಗುತ್ತದೆ. ಜೋಡಿ ತಾರೆಗಳಲ್ಲಿ ಮಂಕಾದದ್ದು ಪ್ರಖರವಾದದ್ದನ್ನು ಮರೆಮಾಡುವುದೇ ಈ ಇಳಿತಕ್ಕೆ ಕಾರಣ. ಇಳಿಯಲು ಸುಮಾರು ಐದು ಗಂಟೆ, ಮರಳಿ ಏರಲು ಸುಮಾರು ಐದು ಗಂಟೆ. ಈ ಕಾಲನಿಯಮವನ್ನೂ ಗ್ರಹಣದ ವಿವರಣೆಯನ್ನೂ 1783ರಲ್ಲಿ ಮಂಡಿಸಿದ ಜಾನ್ ಗುಡ್‌ರಿಕ್‌ಗೆ ಆಗ ಹದಿನೆಂಟು ವರ್ಷ; ಆತನಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಒಂದು ಕನಿಷ್ಠ, ಎಂದರೆ ತಾರೆ ಅತಿ ಮಂಕಾದ ಕ್ಷಣ, ಸಿಕ್ಕರೆ ಮುಂದಿನದನ್ನು ನೀವೇ ಲೆಕ್ಕ ಹಾಕಬಹುದು. ಹತ್ತನೇ ತಾರೀಖಿನ ಬೆಳಗಿನ ಜಾವ 1 ಗಂಟೆಗೆ ಕನಿಷ್ಠವಿದ್ದರೆ, ಮುಂದಿನದು ಹನ್ನೆರಡರ ರಾತ್ರಿ 9.49ಕ್ಕೆ, ಅದರ ನಂತರದ್ದು ಹದಿನೈದರ ಸಂಜೆ 6.38ಕ್ಕೆ. ಇವುಗಳಲ್ಲಿ ಹನ್ನೆರಡರದ್ದು ಇಳಿತ ಏರಿಕೆಗಳೆರಡನ್ನೂ ನೋಡಲು ತಕ್ಕದ್ದು. ಆ ದಿನ ಸಂಜೆ ಏಳರಿಂದಲೇ ಅರ್ಧ ಗಂಟೆಗೊಮ್ಮೆ ಹೊರಗೆ ಬನ್ನಿ.

ಅಂದಾಜು ಮಾಡುವ ಕ್ರಮ ಹೀಗಿದೆ. ಚಂಚಲ ತಾರೆಗಿಂತ ತುಸು ಪ್ರಕಾಶವಾದ ಒಂದು ಸ್ಥಿರ ತಾರೆ, ತುಸು ಮಂಕಾದ ಇನ್ನೊಂದು, ಇವೆರಡರ ನಡುವೆ ಅದು ಎಲ್ಲಿ ಕೂರುತ್ತದೆಂದು ನಿರ್ಧರಿಸಬೇಕು. ಅಲ್ಗಾಲ್ ಪೂರ್ಣ ಕಾಂತಿಯಲ್ಲಿರುವಾಗ ದ್ರೌಪದಿ ಪುಂಜದ ಅಲ್ಮಾಕ್ ಹೆಚ್ಚುಕಡಿಮೆ ಅದಕ್ಕೆ ಸಮ, 2.1. ಇಳಿಯುವಾಗ ಪಾರ್ಥದ ಎಪ್ಸಿಲಾನ್ 2.9ರಲ್ಲೂ ಕಪ್ಪ 3.8ರಲ್ಲೂ ಸಿಗುತ್ತವೆ. ಎಪ್ಸಿಲಾನ್‌ನಿಂದ ಕಪ್ಪಕ್ಕೆ ಹೋಗುವ ದಾರಿಯನ್ನು ಮೂರು ಪಾಲು ಮಾಡಿ, ಅಲ್ಗಾಲ್ ಒಂದು ಪಾಲು ದೂರದಲ್ಲಿದೆ ಎನಿಸಿದರೆ 3.2 ಎಂದು ಬರೆಯಿರಿ. ಒಂದು ದಶಮಾಂಶದಷ್ಟು ನಿಖರತೆ ಅಭ್ಯಾಸದಿಂದ ಬರುತ್ತದೆ. ಇಲ್ಲೊಂದು ಬಲೆಯಿದೆ: ಅಲ್ಗಾಲ್‌ನ ಮಗ್ಗುಲಲ್ಲೇ ಇರುವ ರೋ ಪರ್ಸಿಯೈ ಹೋಲಿಕೆಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ, ಆದರೆ ಅದೂ ಚಂಚಲವೇ, 3.3ರಿಂದ 4.0ರವರೆಗೆ ಹೊಯ್ದಾಡುತ್ತದೆ. ನನ್ನ ಮೊದಲ ಚಳಿಗಾಲದ ಅಂಕಿಗಳೆಲ್ಲ ಇದನ್ನೇ ಆಧಾರವಾಗಿಟ್ಟುಕೊಂಡು ಬರೆದವು. ಆ ನೋಟ್‌ಬುಕ್ಕು ಇನ್ನೂ ಇದೆ, ಆ ಅಂಕಿಗಳು ಮಾತ್ರ ಯಾವ ಉಪಯೋಗಕ್ಕೂ ಬರಲಿಲ್ಲ. ಹೋಲಿಕೆ ತಾರೆಗಳನ್ನು ನೀವಾಗಿ ಆರಿಸದೆ, ಚಂಚಲ ತಾರೆಗಳ ವೀಕ್ಷಕರಿಗಾಗಿ ಅಮೆರಿಕದಲ್ಲಿ 1911ರಲ್ಲಿ ಸ್ಥಾಪನೆಯಾದ ಎಎವಿಎಸ್‌ಒ ಸಂಸ್ಥೆ ಅಂತರಜಾಲದಲ್ಲಿ ಉಚಿತವಾಗಿ ಕೊಡುವ ನಕಾಶೆಯಿಂದ ತೆಗೆದುಕೊಳ್ಳಿ. ಆ ನಕಾಶೆಯಲ್ಲಿ 29 ಎಂದಿದ್ದರೆ 2.9 ಎಂದರ್ಥ, ಚುಕ್ಕಿಯನ್ನು ನಕ್ಷತ್ರವೆಂದು ಭ್ರಮಿಸಬಾರದೆಂದು ದಶಮಾಂಶ ಬಿಂದುವನ್ನು ಬಿಟ್ಟಿರುತ್ತಾರೆ.

ಕೆಂಪು ತಾರೆಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ದಿಟ್ಟಿಸಿದಷ್ಟೂ ಕೆಂಪು ಬೆಳಕು ಕಣ್ಣಿನಲ್ಲಿ ಶೇಖರವಾಗುತ್ತ ಹೋಗಿ ತಾರೆ ಇರುವುದಕ್ಕಿಂತ ಪ್ರಖರವಾಗಿ ತೋರುತ್ತದೆ. ಕ್ಷಣಾರ್ಧ ನೋಡಿ ಕಣ್ಣು ಹೊರಳಿಸಬೇಕು. ಮಹಾವ್ಯಾಧದ ಹೆಗಲ ಮೇಲಿರುವ ಆರ್ದ್ರಾ ಇದಕ್ಕೆ ಒಳ್ಳೆಯ ಅಭ್ಯಾಸ. ಅದನ್ನು ಪ್ರೋಸಿಯಾನ್‌ನ 0.4, ರೋಹಿಣಿಯ 0.9, ಪುನರ್ವಸುವಿನ ಪಾಲಕ್ಸ್‌ನ 1.1 ಇವುಗಳೊಂದಿಗೆ ಹೋಲಿಸಬಹುದು, ಆದರೆ ಎಲ್ಲವೂ ದಿಗಂತದಿಂದ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಬಂದಿರಬೇಕು, ಇಲ್ಲವಾದರೆ ವಾತಾವರಣವೇ ಫಲಿತಾಂಶವನ್ನು ಕೆಡಿಸುತ್ತದೆ. 2020ರ ಫೆಬ್ರವರಿಯಲ್ಲಿ ಈ ತಾರೆ 1.6ರ ಸುಮಾರಿಗೆ ಇಳಿದು ಪಕ್ಕದ ಬೆಲಾಟ್ರಿಕ್ಸ್‌ಗೆ ಸಮನಾಗಿತ್ತು. ತಾರೆಯೇ ಹೊರಚೆಲ್ಲಿದ ಅನಿಲ ತಣಿದು ಧೂಳಾಗಿ ಮರೆಕಟ್ಟಿದ್ದು ಅದಕ್ಕೆ ಮುಖ್ಯ ಕಾರಣ. ಕಾಲಕ್ಕೆ ತಕ್ಕಂತೆ ಕಾಂತಿಯನ್ನು ಗುರುತಿಸಿ ಎಳೆದ ಇದರ ಕಾಂತಿರೇಖೆಯಲ್ಲಿ ಪ್ರತಿ ವರ್ಷ ಜೂನ್ ತಿಂಗಳಲ್ಲಿ ಒಂದು ಕಂದಕ ಬೀಳುತ್ತದೆ, ಆಗ ಸೂರ್ಯ ಅದೇ ದಿಕ್ಕಿನಲ್ಲಿರುತ್ತಾನೆ. ನಮ್ಮ ರೈತರು ಆರ್ದ್ರಾ ಮಳೆ ಎನ್ನುವುದೂ ಅದೇ ಕಾಲಕ್ಕೆ.

ತಿಮಿಂಗಿಲ ಪುಂಜದ ಮೀರಾಳನ್ನು ಬಿಡಬೇಡಿ. ಸುಮಾರು 332 ದಿನಗಳ ಅವಧಿಯಲ್ಲಿ ಅದು ಬರಿಗಣ್ಣಿಗೆ ಸುಲಭವಾಗಿ ಕಾಣುವ 3ರ ಆಸುಪಾಸಿನಿಂದ ಬೈನಾಕ್ಯುಲರಿಗೂ ಕಷ್ಟವೆನಿಸುವ 9ರ ಆಸುಪಾಸಿಗೆ ಇಳಿದು ಮರಳುತ್ತದೆ. ವಾರಕ್ಕೊಂದು ಅಂದಾಜು ಸಾಕು.

ಎರಡನೆಯ ಹೆಜ್ಜೆ: ಕ್ಯಾಮೆರಾದಿಂದ ಕಾಂತಿಮಾಪನ

85 ಮಿ.ಮೀ. ಲೆನ್ಸಿನ ಚೌಕಟ್ಟಿನಲ್ಲಿ ಅಲ್ಗಾಲ್, ಎಪ್ಸಿಲಾನ್, ಕಪ್ಪ ಮೂರೂ ಒಟ್ಟಿಗೆ ಹಿಡಿಸುತ್ತವೆ. ಐಎಸ್‌ಒ 400, ಎಫ್ 4, ಐದರಿಂದ ಹತ್ತು ಸೆಕೆಂಡು, ರಾ ಕಡತ, ಇದರಿಂದ ಆರಂಭಿಸಿ. ಫೋಕಸ್ಸನ್ನು ಬೇಕೆಂದೇ ಸ್ವಲ್ಪ ಕೆಡಿಸಿ, ತಾರೆ ಚುಕ್ಕಿಯಾಗದೆ ಸಣ್ಣ ಬಿಲ್ಲೆಯಾಗುವಂತೆ ಮಾಡಬೇಕು. ಇದರಿಂದ ಬೆಳಕು ಹಲವು ಪಿಕ್ಸೆಲ್‌ಗಳಿಗೆ ಹಂಚಿಹೋಗಿ ಯಾವುದೂ ತುಂಬಿ ತುಳುಕುವುದಿಲ್ಲ. 14 ಬಿಟ್ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ ಹೇಳಬಲ್ಲ ಗರಿಷ್ಠ ಅಂಕಿ 16,383. ಅತಿ ಪ್ರಖರ ತಾರೆಯ ಶಿಖರ 10,000 ದಾಟದಂತೆ ನೋಡಿಕೊಂಡರೆ ನಿಶ್ಚಿಂತೆ. ಪ್ರತಿ ಬಾರಿ ಹತ್ತು ಚಿತ್ರ ತೆಗೆದು ಸರಾಸರಿ ಹಾಕಿದರೆ ನಕ್ಷತ್ರದ ಮಿನುಗು ತಗ್ಗುತ್ತದೆ. ಲೆನ್ಸಿಗೆ ಮುಚ್ಚಳ ಹಾಕಿ ಅಷ್ಟೇ ಅವಧಿಯ ಹತ್ತು ಕತ್ತಲ ಚಿತ್ರಗಳು, ಮುಂಜಾನೆಯ ಬೂದು ಆಕಾಶಕ್ಕೆ ಬಿಳಿ ಪಂಚೆಯ ಮೂಲಕ ಲೆನ್ಸೊಡ್ಡಿ ತೆಗೆದ ಹತ್ತು ಸಮಬೆಳಕಿನ ಚಿತ್ರಗಳು, ಇವೂ ಬೇಕು. ಮೊದಲನೆಯವನ್ನು ಕಳೆಯುತ್ತೇವೆ, ಎರಡನೆಯವುಗಳಿಂದ ಭಾಗಿಸುತ್ತೇವೆ.

ಆಸ್ಟ್ರೋಇಮೇಜ್‌ಜೆ ಎಂಬ ಉಚಿತ ತಂತ್ರಾಂಶದಲ್ಲಿ ಹಸಿರು ವಾಹಿನಿಯನ್ನು ಮಾತ್ರ ಬೇರ್ಪಡಿಸಿ, ಪ್ರತಿ ತಾರೆಯ ಸುತ್ತ ವೃತ್ತ ಹಾಕಿ, ಹಿನ್ನೆಲೆ ಆಕಾಶವನ್ನು ಕಳೆದ ಒಟ್ಟು ಎಣಿಕೆಯನ್ನು ಪಡೆಯಿರಿ. ಎಪ್ಸಿಲಾನ್‌ನ ಎಣಿಕೆ 60,000, ಅಲ್ಗಾಲ್‌ನದು 42,000 ಎಂದಿಟ್ಟುಕೊಳ್ಳಿ. ಅನುಪಾತ 0.7. ಅದರ ಹತ್ತರ ಆಧಾರದ ಲಾಗರಿದಮ್ಮನ್ನು 2.5ರಿಂದ ಗುಣಿಸಿ ಚಿಹ್ನೆ ಬದಲಿಸಿದರೆ 0.39. ಅದನ್ನು ಎಪ್ಸಿಲಾನ್‌ನ 2.9ಕ್ಕೆ ಕೂಡಿಸಿದರೆ ಅಲ್ಗಾಲ್‌ನ ಕಾಂತಿಮಾನ 3.29. ಇದೇ ಲೆಕ್ಕವನ್ನು ಕಪ್ಪಕ್ಕೂ ಮಾಡಿ ನೋಡಿ. ಅದು ಸ್ಥಿರ ತಾರೆಯಾದ್ದರಿಂದ ರಾತ್ರಿಯಿಡೀ 3.8ರ ಬಳಿಯೇ ಬರಬೇಕು. ಬಾರದಿದ್ದರೆ ತಪ್ಪು ನಿಮ್ಮ ಬಳಿಯಿದೆ, ಆಕಾಶದಲ್ಲಿಲ್ಲ.

ಒಂದು ಡಿಸೆಂಬರ್ ರಾತ್ರಿ ನನ್ನ ಅಲ್ಗಾಲ್ ಸರಿಯಾಗಿಯೇ ಇಳಿಯಿತು, ಆದರೆ ಏರಲೇ ಇಲ್ಲ. ಎರಡು ಗಂಟೆಯ ಹೊತ್ತಿಗೆ ಹೊಸದೇನೋ ಕಂಡೆನೆಂಬ ಹಿಗ್ಗಿನಲ್ಲಿದ್ದ ನಾನು ಕಪ್ಪದ ಅಂಕಿಯನ್ನು ನೋಡಿದೆ, ಅದೂ 4.1ಕ್ಕೆ ಬಿದ್ದಿತ್ತು. ಎಪ್ಸಿಲಾನ್‌ನ ಎಣಿಕೆ 60,000ದಿಂದ 20,000ಕ್ಕೆ ಇಳಿದಿತ್ತು. ಟಾರ್ಚು ಹಿಡಿದರೆ ಲೆನ್ಸಿನ ಗಾಜಿನ ಮೇಲೆ ಇಬ್ಬನಿ ಒಂದು ಬದಿಯಿಂದ ಹಬ್ಬಿ ಅರ್ಧ ಗಾಜನ್ನು ಕವಿದಿತ್ತು. ಚೌಕಟ್ಟಿನ ಒಂದೊಂದು ಮೂಲೆಯ ತಾರೆ ಒಂದೊಂದು ಪ್ರಮಾಣದಲ್ಲಿ ಬೆಳಕು ಕಳೆದುಕೊಂಡದ್ದರಿಂದ ಹೋಲಿಕೆಯೇ ಕೆಟ್ಟಿತ್ತು. ಪಂಚೆಯ ಸೆರಗಿನಿಂದ ಒರೆಸಿದ್ದು ಎರಡನೆಯ ತಪ್ಪು, ಗಾಜಿನ ಮೇಲೆ ಉಳಿದ ಗೀರು ಇಂದಿಗೂ ಇದೆ. ಪವರ್ ಬ್ಯಾಂಕಿನಿಂದ ನಡೆಯುವ ಲೆನ್ಸ್ ಹೀಟರ್ ಪಟ್ಟಿಯನ್ನು ಸಂಜೆಯೇ ಸುತ್ತಿಡಿ. ಇಬ್ಬನಿ ಬಿದ್ದ ಮೇಲೆ ಬಿಸಿ ಮಾಡುವುದಕ್ಕಿಂತ ಬೀಳದಂತೆ ತಡೆಯುವುದು ಸುಲಭ.

ಮೂರನೆಯ ಹೆಜ್ಜೆ: ರೋಹಿತ

ಕಾಂತಿಮಾಪನ ಎಷ್ಟು ಬೆಳಕು ಎಂದು ಹೇಳಿದರೆ ರೋಹಿತ ಎಂಥ ಬೆಳಕು ಎಂದು ಹೇಳುತ್ತದೆ. ಗ್ರೇಟಿಂಗ್ ಎನ್ನುವುದು ಸೂಕ್ಷ್ಮ ಸಮಾನಾಂತರ ಗೀರುಗಳಿರುವ ಗಾಜು. ಅದರ ಮೂಲಕ ನೋಡಿದಾಗ ನಕ್ಷತ್ರ ತನ್ನ ಜಾಗದಲ್ಲೇ ಚುಕ್ಕಿಯಾಗಿ ಉಳಿದು, ಪಕ್ಕದಲ್ಲಿ ಬಣ್ಣದ ಪಟ್ಟಿಯೊಂದು ಹರಡುತ್ತದೆ. ಹಳೆಯ ಸಿಡಿಯಲ್ಲಿ ಬೀದಿದೀಪದ ಪ್ರತಿಬಿಂಬ ನೋಡಿದವರಿಗೆ ಇದು ಪರಿಚಿತ. ಮಿಲಿಮೀಟರಿಗೆ 500 ಗೀರಿನ ಪ್ಲಾಸ್ಟಿಕ್ ಹಾಳೆಗಳು ಅಗ್ಗಕ್ಕೆ ಸಿಗುತ್ತವೆ, ಆದರೆ ಅವು ಬೆಳಕನ್ನು ಎಷ್ಟು ಅಗಲ ಹರಡುತ್ತವೆಂದರೆ ತಾರೆಯೂ ಅದರ ರೋಹಿತವೂ ಒಂದೇ ಚೌಕಟ್ಟಿನಲ್ಲಿ ಆರಾಮಾಗಿ ಕೂರುವುದಿಲ್ಲ, ಅಳತೆಗೆ ಆಧಾರಬಿಂದುವೇ ಇಲ್ಲದಂತಾಗುತ್ತದೆ. ನೂರು ಗೀರಿನದಕ್ಕೇ ಹಣ ಹಾಕಿ.

ಅಡಾಪ್ಟರ್ ಬಳೆಯ ಮೂಲಕ ಗ್ರೇಟಿಂಗನ್ನು 85 ಮಿ.ಮೀ. ಲೆನ್ಸಿನ ಮುಂದೆ ಕೂರಿಸಿ. ಈಗ ಫೋಕಸ್ ಅತ್ಯಂತ ಚೂಪಾಗಿರಬೇಕು, ಕಾಂತಿಮಾಪನಕ್ಕೆ ಮಾಡಿದ್ದಕ್ಕೆ ತದ್ವಿರುದ್ಧ. ಪಿಕ್ಸೆಲ್ ಗಾತ್ರ 4 ಮೈಕ್ರಾನ್ ಇದ್ದರೆ ಪ್ರತಿ ಪಿಕ್ಸೆಲ್‌ಗೆ ಎಷ್ಟು ತರಂಗದೂರ ಎಂಬುದನ್ನು ಮೊದಲೇ ಲೆಕ್ಕ ಹಾಕಬಹುದು: ಗೀರುಗಳ ನಡುವಿನ ಅಂತರ, ಮಿಲಿಮೀಟರಿನ ಕೋಟಿಯಲ್ಲೊಂದು ಪಾಲಿನ ಲೆಕ್ಕದಲ್ಲಿ, 1,00,000 ಆಂಗ್‌ಸ್ಟ್ರಾಂ, ಅದನ್ನು 0.004 ಮಿ.ಮೀ.ನಿಂದ ಗುಣಿಸಿ 85ರಿಂದ ಭಾಗಿಸಿದರೆ ಸುಮಾರು 4.7.

ಇನ್ನು ಟ್ರೈಪಾಡ್ ಬಳಸುವವರಿಗೆ ಒಂದು ಯುಕ್ತಿ. ಭೂಮಿ ತಿರುಗುವುದರಿಂದ ತಾರೆ ಪೂರ್ವದಿಂದ ಪಶ್ಚಿಮಕ್ಕೆ ಗೆರೆ ಎಳೆಯುತ್ತದೆ. ಅದನ್ನು ತಡೆಯಲು ದುಬಾರಿ ಯಂತ್ರ ಬೇಕೆಂದು ಎಲ್ಲರೂ ಚಿಂತಿಸುತ್ತಾರೆ. ಇಲ್ಲಿ ಆ ಗೆರೆಯೇ ನಮಗೆ ಬೇಕಾದದ್ದು. ಗ್ರೇಟಿಂಗನ್ನು ತಿರುಗಿಸುತ್ತ, ಬಣ್ಣದ ಪಟ್ಟಿ ಸರಿಯಾಗಿ ಉತ್ತರ ದಕ್ಷಿಣವಾಗುವಂತೆ ಮಾಡಿ, 20 ಸೆಕೆಂಡು ತೆರೆದಿಡಿ. ತಾರೆ ಸರಿದಂತೆಲ್ಲ ಪಟ್ಟಿ ಅಡ್ಡಕ್ಕೆ ಸುಮಾರು ಮೂವತ್ತು ಪಿಕ್ಸೆಲ್ ಅಗಲವಾಗುತ್ತದೆ, ಕೂದಲೆಳೆಯಂತಿದ್ದ ರೋಹಿತ ರಿಬ್ಬನ್ನಿನಂತಾಗಿ ಅದರೊಳಗಿನ ಕಪ್ಪು ಗೆರೆಗಳು ಬರಿಗಣ್ಣಿಗೇ ಕಾಣುತ್ತವೆ. ಸರಿಯುವ ದಿಕ್ಕು ತರಂಗದೂರದ ದಿಕ್ಕಿಗೆ ಲಂಬವಾಗಿರುವುದರಿಂದ ವಿವರ ಕೆಡುವುದಿಲ್ಲ. ಕೋನ ನಾಲ್ಕೈದು ಡಿಗ್ರಿ ತಪ್ಪಿದರೂ ಗೆರೆಗಳು ಓರೆಯಾಗಿ ಮಸುಕಾಗುತ್ತವೆ, ಆದ್ದರಿಂದ ಈ ಹೊಂದಾಣಿಕೆಗೆ ಮೊದಲ ರಾತ್ರಿ ಪೂರ್ತಿ ಹೋದರೂ ಬೇಸರಿಸಬೇಡಿ.

ಮೊದಲ ಗುರಿ ಲುಬ್ಧಕ, ಎಂದರೆ ಸಿರಿಯಸ್. ಅದರ ರೋಹಿತದಲ್ಲಿ ಜಲಜನಕದ ಹೀರಿಕೆ ರೇಖೆಗಳು, ಎಂದರೆ ಅದು ಬೆಳಕನ್ನು ಹೀರಿಕೊಂಡಲ್ಲಿನ ಕಪ್ಪು ಗೆರೆಗಳು, ದಟ್ಟವಾಗಿ, ಕ್ರಮಬದ್ಧವಾಗಿ ಇರುತ್ತವೆ: ಎಚ್ ಬೀಟಾ 4861, ಎಚ್ ಗ್ಯಾಮ 4340, ಎಚ್ ಡೆಲ್ಟಾ 4102, ಕೆಂಪಿನಲ್ಲಿ ಎಚ್ ಆಲ್ಫಾ 6563 ಆಂಗ್‌ಸ್ಟ್ರಾಂ. ಇಮೇಜ್‌ಜೆಯಲ್ಲಿ ಚಿತ್ರವನ್ನು ತಿರುಗಿಸಿ ಪಟ್ಟಿಯನ್ನು ಮಟ್ಟಸ ಮಾಡಿ, ತಾರೆಯ ಚುಕ್ಕಿಯಿಂದ ಕೆಂಪು ತುದಿಯವರೆಗೆ ಆಯತ ಎಳೆದು, ಪ್ಲಾಟ್ ಪ್ರೊಫೈಲ್ ಒತ್ತಿದರೆ ಬೆಳಕಿನ ಏರಿಳಿತದ ಗೆರೆ ಬರುತ್ತದೆ. ಪಟ್ಟಿಯ ಮೇಲೂ ಕೆಳಗೂ ಅಷ್ಟೇ ಗಾತ್ರದ ಆಯತಗಳಿಂದ ಖಾಲಿ ಆಕಾಶವನ್ನು ಅಳೆದು ಕಳೆಯಿರಿ. ನನ್ನ ಒಂದು ಚಿತ್ರದಲ್ಲಿ ಚುಕ್ಕಿ 812ನೇ ಪಿಕ್ಸೆಲ್‌ನಲ್ಲಿತ್ತು, ಎಚ್ ಬೀಟಾದ ತಗ್ಗು 1846ರಲ್ಲಿ. ವ್ಯತ್ಯಾಸ 1034, 4861ನ್ನು ಅದರಿಂದ ಭಾಗಿಸಿದರೆ ಪಿಕ್ಸೆಲ್‌ಗೆ 4.70 ಆಂಗ್‌ಸ್ಟ್ರಾಂ. ಹಾಗಿದ್ದರೆ ಎಚ್ ಗ್ಯಾಮ 1735ರಲ್ಲಿ ಸಿಗಬೇಕು. ಒಂದೆರಡು ಪಿಕ್ಸೆಲ್ ಆಚೀಚೆ ಸಿಕ್ಕರೆ ಅಳತೆ ಕೂತಿತೆಂದರ್ಥ. ಎಚ್ ಆಲ್ಫಾ 2208ರಲ್ಲಿ ತುಂಬ ಸೊರಗಿ ಕಾಣಬಹುದು, ಏಕೆಂದರೆ ಮಾಮೂಲಿ ಕ್ಯಾಮೆರಾಗಳ ಒಳಗಿನ ಸೋಸುಗ ಆ ಕೆಂಪಿನ ಬಹುಪಾಲನ್ನು ತಡೆಯುತ್ತದೆ. 6870 ಮತ್ತು 7600ರ ಬಳಿ ತಗ್ಗು ಕಂಡರೆ ಅದು ನಕ್ಷತ್ರದ್ದಲ್ಲ, ನಮ್ಮ ವಾತಾವರಣದ ಆಮ್ಲಜನಕದ್ದು.

ಈ ಅಳತೆಗೋಲು ಸಿಕ್ಕ ಮೇಲೆ ಆರ್ದ್ರಾದ ಕಡೆ ತಿರುಗಿ. ಜಲಜನಕದ ರೇಖೆಗಳು ಮಾಯವಾಗಿ, ನೀಲಿಯ ಕಡೆಯಿಂದ ಬರುತ್ತ ಗೆರೆ ಥಟ್ಟನೆ ಕುಸಿದು ನಿಧಾನಕ್ಕೆ ಮೇಲೇರುವ ಗರಗಸದ ಹಲ್ಲುಗಳಂಥ ಆಕಾರ ಕಾಣುತ್ತದೆ. ಅವು ಟೈಟಾನಿಯಂ ಆಕ್ಸೈಡ್ ಅಣುಗಳ ಪಟ್ಟಿಗಳು, 4955, 5167, 5448, 6159 ಮತ್ತು 7054ರ ಬಳಿ ಆರಂಭವಾಗುವಂಥವು. ತಾರೆ ತಂಪಾದಷ್ಟೂ ಹಲ್ಲುಗಳು ಆಳವಾಗುತ್ತವೆ. ಮೀರಾದಲ್ಲಂತೂ ತಿಂಗಳಿಂದ ತಿಂಗಳಿಗೆ ಈ ಆಳ ಬದಲಾಗುವುದನ್ನು ಕಾಂತಿಮಾನದ ಪಕ್ಕದಲ್ಲಿಟ್ಟು ನೋಡಬಹುದು.

ಆದರೆ ನನ್ನ ಮೆಚ್ಚಿನ ಗುರಿ ಬೇರೆ. ಅಗಸ್ತ್ಯನ ಪೂರ್ವಕ್ಕೆ, ನೌಕಾಪಟ ಪುಂಜದಲ್ಲಿ ಗ್ಯಾಮ ವೆಲೋರಂ ಎಂಬ 1.8 ಕಾಂತಿಮಾನದ ತಾರೆಯಿದೆ. ಹಾಸನದಿಂದ ಅದು 30 ಡಿಗ್ರಿ ಎತ್ತರಕ್ಕೆ ಏರುತ್ತದೆ. ಮಾರ್ಚಿ ಆರಂಭದಲ್ಲಿ ರಾತ್ರಿ ಹತ್ತರ ಸುಮಾರಿಗೆ ದಕ್ಷಿಣದಲ್ಲಿ ನೇರಕ್ಕಿರುತ್ತದೆ. ಕಣ್ಣಿಗೆ ವಿಶೇಷವೇನೂ ತೋರದು. ಗ್ರೇಟಿಂಗ್ ಹಾಕಿದರೆ ಮಾತ್ರ, ಕಪ್ಪು ಗೆರೆಗಳ ಬದಲು ರಿಬ್ಬನ್ನಿನ ನೀಲಿ ಭಾಗದಲ್ಲಿ 4650ರ ಬಳಿ ಒಂದು, ಹಳದಿಯಲ್ಲಿ 5696 ಮತ್ತು 5805ರ ಬಳಿ ಇನ್ನೆರಡು ಹೊಳೆಯುವ ಪಟ್ಟೆಗಳು ಎದ್ದು ನಿಲ್ಲುತ್ತವೆ. ಇದು ವುಲ್ಫ್ ರಾಯೆ ವರ್ಗದ ತಾರೆ. 1867ರಲ್ಲಿ ಪ್ಯಾರಿಸ್ ವೀಕ್ಷಣಾಲಯದ ಷಾರ್ಲ್ ವುಲ್ಫ್ ಮತ್ತು ಜಾರ್ಜ್ ರಾಯೆ ಈ ವರ್ಗವನ್ನು ಗುರುತಿಸಿದರು. ತನ್ನ ಹೊರಪದರವನ್ನೆಲ್ಲ ಭೀಕರ ವೇಗದ ಗಾಳಿಯಾಗಿ ಊದಿ ಕಳೆದುಕೊಂಡ ತಾರೆಯ ಸುತ್ತಲಿನ ಇಂಗಾಲ ಆ ಪಟ್ಟೆಗಳಾಗಿ ಹೊಳೆಯುತ್ತದೆ, ಆ ವೇಗದಿಂದಾಗಿಯೇ ಅವು ಅಷ್ಟು ಅಗಲ. ಅಗಲವಾಗಿರುವುದರಿಂದಲೇ ನಮ್ಮ ಸರಳ ಗ್ರೇಟಿಂಗಿಗೂ ಸಿಗುತ್ತವೆ. ಈ ವರ್ಗದಲ್ಲಿ ಇದೇ ಅತಿ ಪ್ರಖರವಾದದ್ದು, ಅದು ನಮ್ಮ ಆಕಾಶದಲ್ಲಿದೆ.

ಉತ್ತರದಲ್ಲಿ ಕುಂತಿ ಪುಂಜದ ಗ್ಯಾಮ ಕ್ಯಾಸಿಯೋಪಿಯೆ ನವೆಂಬರ್‌ನಲ್ಲಿ ಅನುಕೂಲ. ಇದರಲ್ಲಿ ಹೊಳೆಯುವ ಜಲಜನಕದ ರೇಖೆಯನ್ನು ಮೊದಲು ಕಂಡವರು ಆಂಜೆಲೊ ಸೆಕ್ಕಿ, 1866ರಲ್ಲಿ. ವೇಗವಾಗಿ ತಿರುಗುವ ತಾರೆಯ ಸೊಂಟದ ಸುತ್ತ ಅನಿಲದ ತಟ್ಟೆಯೊಂದಿದೆ, ಅದು ದಪ್ಪವಾದಂತೆ ಎಚ್ ಆಲ್ಫಾ ಹೊಳಪು ಬದಲಾಗುತ್ತದೆ. ಒಳ ಸೋಸುಗ ತೆಗೆಸಿದ ಕ್ಯಾಮೆರಾ ಇದ್ದವರು ಇದನ್ನು ವರ್ಷಗಟ್ಟಲೆ ಹಿಂಬಾಲಿಸಬಹುದು. ಏಪ್ರಿಲ್‌ನಲ್ಲಿ 17 ಡಿಗ್ರಿಯಷ್ಟೇ ಎತ್ತರಕ್ಕೆ ಬರುವ ಈಟಾ ಕರೀನೆ, 1843ರಲ್ಲಿ ಆಕಾಶದ ಅತಿ ಪ್ರಖರ ತಾರೆಗಳ ಸಾಲಿಗೆ ಏರಿದ್ದಂಥದ್ದು, ದಿಗಂತದ ಮಬ್ಬು ಇಲ್ಲದ ರಾತ್ರಿ ಒಂದು ಪ್ರಯತ್ನಕ್ಕೆ ಯೋಗ್ಯ.

ನೀಹಾರಿಕೆಗಳು

1864ರ ಆಗಸ್ಟ್ 29ರಂದು ವಿಲಿಯಂ ಹಗ್ಗಿನ್ಸ್ ಎನ್‌ಜಿಸಿ 6543 ಎಂಬ ಗ್ರಹೀಯ ನೀಹಾರಿಕೆಗೆ (ದೂರದರ್ಶಕದಲ್ಲಿ ಗ್ರಹದಂತೆ ಪುಟ್ಟ ಬಿಲ್ಲೆಯಾಗಿ ಕಾಣುವಂಥದ್ದು) ರೋಹಿತದರ್ಶಕ ತಿರುಗಿಸಿದಾಗ ಕಂಡದ್ದು ಬಣ್ಣದ ಪಟ್ಟಿಯಲ್ಲ, ಬಿಡಿಬಿಡಿ ಹೊಳೆಯುವ ರೇಖೆಗಳು. ಅದು ನಕ್ಷತ್ರಗಳ ಗುಂಪಲ್ಲ, ಅನಿಲ ಎಂಬುದು ಆ ಕ್ಷಣಕ್ಕೆ ಇತ್ಯರ್ಥವಾಯಿತು. ಅವುಗಳಲ್ಲಿ ಪ್ರಖರವಾದ ಹಸಿರು ರೇಖೆ ಯಾವ ಧಾತುವಿಗೂ ಹೊಂದದೆ ನೆಬ್ಯುಲಿಯಂ ಎಂಬ ಹೊಸ ಹೆಸರನ್ನೇ ಹುಟ್ಟಿಸಿತು. 1927ರಲ್ಲಿ ಐರಾ ಬೋವೆನ್ ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕವೇ ಎಂದು ತೋರಿಸುವವರೆಗೆ ಆ ಹೆಸರು ಉಳಿದಿತ್ತು. ಆ ರೇಖೆ 5007 ಆಂಗ್‌ಸ್ಟ್ರಾಂನಲ್ಲಿದೆ, ಅದರ ಜೊತೆಗಾರ 4959ರಲ್ಲಿ. ಹಗ್ಗಿನ್ಸ್ ನೋಡಿದ ನೀಹಾರಿಕೆ ಸಂಜೆಯ ಆಕಾಶದಲ್ಲಿ ಮೇಲೇರುವುದು ನಮ್ಮ ಜಡಿಮಳೆಯ ಕಾಲದಲ್ಲಿ, ಆದ್ದರಿಂದ ಅದು ನಮಗಲ್ಲ.

ನಮಗೆ ಸಲ್ಲುವುದು ಮಾರ್ಚಿಯ ಸಂಜೆಗಳಲ್ಲಿ ಸಿಗುವ ಎನ್‌ಜಿಸಿ 3242, ಗುರುವಿನ ಭೂತ ಎಂಬ ಅಡ್ಡಹೆಸರಿನದು. ಆರು ಇಂಚಿನ ದೂರದರ್ಶಕದ ಕಡಿಮೆ ಶಕ್ತಿಯ ಐಪೀಸಿಗೆ ಅದೇ ಗ್ರೇಟಿಂಗ್ ತಿರುಪಿ ನೋಡಿರಿ. ಸುತ್ತಲಿನ ತಾರೆಗಳ ರೋಹಿತಗಳು ಉದ್ದನೆಯ ಗೀಟುಗಳಾಗಿ ಹರಡಿ ಮಂಕಾಗುತ್ತವೆ. ನೀಹಾರಿಕೆಯದು ಮಾತ್ರ ಹರಡದೆ ಪುಟ್ಟ ಬಿಲ್ಲೆಯಾಗಿಯೇ ಉಳಿಯುತ್ತದೆ, ಏಕೆಂದರೆ ಅದರ ಬೆಳಕೆಲ್ಲ ಒಂದೆರಡು ರೇಖೆಗಳಲ್ಲೇ ಕೂಡಿಕೊಂಡಿದೆ. ನೀಹಾರಿಕೆಯನ್ನು ತಾರೆಯಿಂದ ಬೇರ್ಪಡಿಸಲು ಇಷ್ಟು ಸರಳ ಪರೀಕ್ಷೆ ಇನ್ನೊಂದಿಲ್ಲ. ಮಹಾವ್ಯಾಧದ ದೊಡ್ಡ ನೀಹಾರಿಕೆ ಪ್ರಖರವಾದರೂ ಈ ವಿಧಾನಕ್ಕೆ ಒಗ್ಗುವುದಿಲ್ಲ. ಸೀಳುಗಂಡಿಯಿಲ್ಲದ ಗ್ರೇಟಿಂಗಿನಲ್ಲಿ ಪ್ರತಿ ರೇಖೆಯೂ ನೀಹಾರಿಕೆಯ ಪೂರ್ಣ ಚಿತ್ರವೊಂದನ್ನು ಮೂಡಿಸುತ್ತದೆ, ಚಿತ್ರ ದೊಡ್ಡದಾದರೆ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ.

ಕಾಂತಿ ಬದಲಿಸುವ ನೀಹಾರಿಕೆಯೂ ಇದೆ. ಎನ್‌ಜಿಸಿ 2261, ಹಬಲ್‌ನ ಚಂಚಲ ನೀಹಾರಿಕೆ, ಹಾಸನದ ನೆತ್ತಿಯಿಂದ ನಾಲ್ಕೈದು ಡಿಗ್ರಿಯಷ್ಟೇ ದೂರದಲ್ಲಿ ಹಾದುಹೋಗುತ್ತದೆ. ಇದಕ್ಕಿಂತ ಒಳ್ಳೆಯ ಎತ್ತರ ಬೇಕಿಲ್ಲ. ಬೀಸಣಿಗೆಯಾಕಾರದ ಈ ಧೂಳಿನ ಮೋಡವನ್ನು ತುದಿಯಲ್ಲಿರುವ ಆರ್ ಮೊನೊಸೆರೋಟಿಸ್ ತಾರೆ ಬೆಳಗುತ್ತದೆ, ತಾರೆಯ ಬಳಿ ಸುಳಿದಾಡುವ ಧೂಳಿನ ಮುದ್ದೆಗಳ ನೆರಳು ಮೋಡದ ಮೇಲೆ ವಾರಗಳಲ್ಲಿ ಚಲಿಸುತ್ತದೆ. 1916ರಲ್ಲಿ ಎಡ್ವಿನ್ ಹಬಲ್ ಈ ಬದಲಾವಣೆಯನ್ನು ವರದಿ ಮಾಡಿದರು. ಆರರಿಂದ ಎಂಟು ಇಂಚಿನ ದೂರದರ್ಶಕ ಮತ್ತು ತಾರೆಯನ್ನು ಹಿಂಬಾಲಿಸುವ ಮೌಂಟ್ ಇದ್ದರೆ, ಡಿಸೆಂಬರ್‌ನಿಂದ ಮಾರ್ಚಿಯವರೆಗೆ ಹತ್ತು ದಿನಕ್ಕೊಂದು ಚಿತ್ರ, ಪ್ರತಿ ಬಾರಿ ಅದೇ ಅವಧಿ, ಅದೇ ಸಂಸ್ಕರಣೆ. ಚಂದಗಾಣಿಸುವ ಆಸೆಗೆ ಒಂದು ಚಿತ್ರದ ಕಾಂಟ್ರಾಸ್ಟ್ ಹೆಚ್ಚಿಸಿದರೂ ಹೋಲಿಕೆ ಅಲ್ಲಿಗೆ ಮುಗಿಯಿತು.

ಹೀಗೆ ಹಿಂಬಾಲಿಸಿ ತೆಗೆದ ಚಿತ್ರಗಳಲ್ಲಿ, ವಿಶೇಷವಾಗಿ ಮಹಾವ್ಯಾಧನ ಸೊಂಟಪಟ್ಟಿ ಮತ್ತು ಮೀರಾದ ಆಸುಪಾಸಿನಲ್ಲಿ, ಪೂರ್ವಪಶ್ಚಿಮವಾಗಿ ಒಂದೇ ಉದ್ದದ ತೆಳು ಗೀಟುಗಳು ಕಂಡರೆ ಗಾಬರಿಯಾಗಬೇಡಿ. ಭೂಸ್ಥಿರ ಉಪಗ್ರಹಗಳು ನಮ್ಮ ಅಕ್ಷಾಂಶದಿಂದ ನೋಡುವಾಗ ವಿಷುವದ್ವೃತ್ತಕ್ಕಿಂತ ಎರಡು ಡಿಗ್ರಿಯಷ್ಟು ದಕ್ಷಿಣದಲ್ಲಿ ಸಾಲುಗಟ್ಟಿರುತ್ತವೆ. ಅವುಗಳಲ್ಲಿ ನಮ್ಮ ದೇಶದವನ್ನು ನಿಯಂತ್ರಿಸುವ ಇಸ್ರೋ ಕೇಂದ್ರ ಇದೇ ಹಾಸನದಲ್ಲಿದೆ ಎಂಬುದು ಆಗ ನೆನಪಾಗದಿರದು.

ದಾಖಲೆ

ಕ್ಯಾಮೆರಾದ ಗಡಿಯಾರವನ್ನು ಪ್ರತಿ ಸಂಜೆ ಮೊಬೈಲಿಗೆ ಹೊಂದಿಸಿ. ಸಮಯವನ್ನು ಜೂಲಿಯನ್ ದಿನದಲ್ಲಿ, ಎಂದರೆ ತಿಂಗಳು ವರ್ಷಗಳಿಲ್ಲದ ಒಂದೇ ಓಟದ ದಿನಗಳ ಎಣಿಕೆಯಲ್ಲಿ, ಬರೆಯುವುದು ವಾಡಿಕೆ, ಅದು ಗ್ರೀನಿಚ್ ನಡುಹಗಲಿಗೆ ಎಂದರೆ ನಮ್ಮ ಸಂಜೆ 5.30ಕ್ಕೆ ಆರಂಭವಾಗುತ್ತದೆ. ಹೀಗಾಗಿ ನಮ್ಮ ಇಡೀ ರಾತ್ರಿ ಒಂದೇ ಅಂಕಿಯೊಳಗೆ ಬೀಳುತ್ತದೆ. 2025ರ ಜನವರಿ 1ರ ರಾತ್ರಿ 11.30 ಎಂದರೆ 2460677.25. ಅದರ ಪಕ್ಕದಲ್ಲಿ ತಾರೆಯ ಹೆಸರು, ಅಂದಾಜು, ಬಳಸಿದ ಎರಡು ಹೋಲಿಕೆ ತಾರೆಗಳು, ನಕಾಶೆಯ ಸಂಖ್ಯೆ, ಆಕಾಶದ ಸ್ಥಿತಿ. ಎಎವಿಎಸ್‌ಒಗೆ ಅಂಕಿ ಕಳಿಸುವಾಗ ಹಸಿರು ವಾಹಿನಿಯ ಅಳತೆಗೆ ಟಿಜಿ ಎಂಬ ಗುರುತು ಹಾಕಬೇಕು, ಕಣ್ಣಂದಾಜಿಗೆ ಬೇರೆ ಗುರುತು. ಇತರರ ಕಾಂತಿರೇಖೆಯನ್ನು ನಿಮ್ಮ ಅಂಕಿ ಬರೆದು ಮುಗಿಸಿದ ಮೇಲೆಯೇ ತೆರೆಯಿರಿ. ಇಷ್ಟಿರಬೇಕು ಎಂದು ಮೊದಲೇ ತಿಳಿದ ಕಣ್ಣು ಅಷ್ಟನ್ನೇ ನೋಡುತ್ತದೆ, ಮತ್ತು ಅದು ನೋಡುತ್ತಿರುವುದು ನಮಗೆ ಗೊತ್ತೂ ಆಗುವುದಿಲ್ಲ.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪಕರಣಗಳಿಗೆ ಬೂಷ್ಟಿನ ಭಯ. ಲೆನ್ಸು, ಗ್ರೇಟಿಂಗುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಟ್ಟು, ಪೊಟ್ಟಣಗಳನ್ನು ತಿಂಗಳಿಗೊಮ್ಮೆ ಬಿಸಿ ಮಾಡಿ ಒಣಗಿಸಿ. ಅಕ್ಕಿಯಲ್ಲಿ ಹೂತಿಡುವವರಿದ್ದಾರೆ, ಅಕ್ಕಿಯ ಧೂಳು ಗ್ರೇಟಿಂಗಿಗೆ ಒಳ್ಳೆಯದಲ್ಲ. ಹೊಳವಾದ ರಾತ್ರಿ ಹತ್ತು ನಿಮಿಷ ಸಿಕ್ಕರೂ ಬರಿಗಣ್ಣಿನಲ್ಲಿ ಉತ್ತರ ಕಿರೀಟ ಪುಂಜವನ್ನು ನೋಡಿಕೊಳ್ಳಿ. ಅಲ್ಲಿನ ಟಿ ಕೊರೋನೆ ಬೋರಿಯಾಲಿಸ್ ಸಾಮಾನ್ಯವಾಗಿ 10ರ ಆಸುಪಾಸಿನಲ್ಲಿ ಮಲಗಿರುತ್ತದೆ, 1866ರಲ್ಲಿ ಮತ್ತು 1946ರಲ್ಲಿ ಅದು ಸಿಡಿದು 2ರಿಂದ 3ರ ಆಸುಪಾಸಿಗೆ ಏರಿತ್ತು. ಸೆಪ್ಟೆಂಬರ್ ಕೊನೆಗೆ ಡಬ್ಬಿ ತೆರೆದಾಗ, ಯಾವ ಹೊಸ ಗುರಿಗೂ ಹೋಗುವ ಮೊದಲು, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಲುಬ್ಧಕನ ರೋಹಿತವೊಂದನ್ನು ತೆಗೆದು ಪಿಕ್ಸೆಲ್‌ಗೆ 4.70 ಎಂಬುದು ಇನ್ನೂ ಹಾಗೆಯೇ ಇದೆಯೇ ಎಂದು ಪರೀಕ್ಷಿಸಿ.